ಮೂರು ವಾರ ಒಂದೇ ಸಂಚಿಯನ್ನು ಹುಡುಕಿದ ಮಕ್ಕಳು: ವಿದ್ಯಾನಗರದ ಇಂಗ್ಲಿಷ್ ಕಥೆ-ಹಾಡಿನ ತರಗತಿ

ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯೊಂದರ ಮಹಡಿಯ ಮೇಲೆ, ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ, ಚಿಕ್ಕ ಮಕ್ಕಳಿಗೆ ಕಥೆ ಮತ್ತು ಹಾಡುಗಳ ಮೂಲಕ ಇಂಗ್ಲಿಷ್ ಕಲಿಸುವ ತರಗತಿಯೊಂದು ನಡೆಯುತ್ತದೆ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ, ಬಾಗಿಲಲ್ಲಿ ಬೋರ್ಡೂ ಇಲ್ಲ. ನಾಲ್ಕೂವರೆ ವರ್ಷದ ನನ್ನ ಮೊಮ್ಮಗನನ್ನು ಜೂನ್ ತಿಂಗಳಿನಿಂದ ನಾಲ್ಕು ತಿಂಗಳು ನಾನೇ ಕರೆದುಕೊಂಡು ಹೋಗಿ, ಹಿಂದಿನ ಗೋಡೆಗೆ ಒರಗಿ ಕುಳಿತು, ಹೆಚ್ಚುಕಡಿಮೆ ಎಲ್ಲ ದಿನಗಳನ್ನೂ ಕಣ್ಣಾರೆ ನೋಡಿದ್ದೇನೆ. ತಿಂಗಳಿಗೆ 900 ರೂಪಾಯಿ ಶುಲ್ಕ, ಒಂದೊಂದು ತರಗತಿ 45 ನಿಮಿಷ. ಪ್ರಾಥಮಿಕ ಶಾಲೆಯಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತಳಾದ ನನಗೆ ಇಲ್ಲಿ ಮೆಚ್ಚುವಂಥದ್ದು ಬಹಳ ಕಂಡಿತು, ತಿದ್ದಿಕೊಳ್ಳಬೇಕಾದದ್ದೂ ಕಂಡಿತು. ಮಕ್ಕಳನ್ನು ಇಂಥ ತರಗತಿಗೆ ಸೇರಿಸಬೇಕೇ ಎಂದು ಯೋಚಿಸುತ್ತಿರುವ ನಮ್ಮ ಊರಿನ ತಂದೆತಾಯಿಯರಿಗೆ ಉಪಯೋಗವಾಗಲಿ ಎಂದು ಇದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಇಲ್ಲಿಗೆ ಬರುವ ಮೊದಲು ನಾವು ಬೇರೊಂದು ಕಡೆ ಎರಡು ತಿಂಗಳು ಕಳೆದಿದ್ದೆವು. ಅಲ್ಲಿ ಗೋಡೆಯಗಲದ ಟಿವಿ ಇತ್ತು, ವಾರಕ್ಕೊಂದು ಹೊಸ ಹಾಡು ಬರುತ್ತಿತ್ತು. ಮಗು ಎಂಟು ಹಾಡುಗಳನ್ನು ಕಲಿತು ಬಂದಿತು. ನೆಂಟರ ಮುಂದೆ ನಿಲ್ಲಿಸಿದರೆ ಗಡಗಡನೆ ಹೇಳುತ್ತಿತ್ತು. ಆದರೆ ಆ ಎಂಟರಲ್ಲಿ ಒಂದರಿಂದಲೂ ಒಂದು ಪದವನ್ನು ಹೊರಗೆ ತೆಗೆದು ಬಳಸಲು ಅದಕ್ಕೆ ಬರುತ್ತಿರಲಿಲ್ಲ. ಹಾಡಿನೊಳಗೆ ಬರುವ ಮೀನು ಅದಕ್ಕೆ ಮೀನಾಗಿರಲಿಲ್ಲ, ಬರಿಯ ಸದ್ದಾಗಿತ್ತು. ಗಿಳಿಪಾಠ ಎಂದು ನಾವು ಕರೆಯುವುದು ಇದನ್ನೇ. ಹಾಗಾಗಿ ವಿದ್ಯಾನಗರದ ತರಗತಿಯಲ್ಲಿ ಮೊದಲ ದಿನ ಟೀಚರ್ ನನಗೆ, "ಅಮ್ಮಾ, ಮೂರು ವಾರ ಒಂದೇ ಕಥೆ ಹೇಳ್ತೀನಿ, ಬೇಸರ ಮಾಡ್ಕೋಬೇಡಿ" ಎಂದಾಗ ನನಗೆ ಬೇಸರವಾಗುವ ಬದಲು ಕುತೂಹಲ ಹುಟ್ಟಿತು.

ಆ ಕಥೆ ಅವರೇ ಕಟ್ಟಿದ್ದು. ಒಬ್ಬ ಅಜ್ಜಿಗೆ ತನ್ನ ಎಲೆ-ಅಡಿಕೆ ಸಂಚಿ ಸಿಗುತ್ತಿಲ್ಲ. ಮನೆಯವರೆಲ್ಲ ಹುಡುಕುತ್ತಾರೆ. "ವೇರ್ ಈಸ್ ಮೈ ಸಂಚಿ?" ಎಂದು ಅಜ್ಜಿ ಕೇಳುತ್ತಾಳೆ. "ಈಸ್ ಇಟ್ ಅಂಡರ್ ದ ಕಾಟ್?" ಎಂದು ಮೊಮ್ಮಗಳು ಬಗ್ಗಿ ನೋಡುತ್ತಾಳೆ. "ನೋ, ಇಟ್ ಈಸ್ ನಾಟ್ ಅಂಡರ್ ದ ಕಾಟ್" ಎಂದು ಎಲ್ಲರೂ ಹೇಳುತ್ತಾರೆ. ಆಮೇಲೆ ಬಾಗಿಲ ಹಿಂದೆ, ಟ್ರಂಕಿನೊಳಗೆ, ಗೂಡಿನ ಮೇಲೆ, ಕೊನೆಗೆ ಹಸುವಿನ ಪಕ್ಕದಲ್ಲಿ ಹುಡುಕಾಟ ನಡೆಯುತ್ತದೆ. ಸಂಚಿ ಅಜ್ಜಿಯ ಸೊಂಟದಲ್ಲೇ ಸಿಕ್ಕಿಸಿಕೊಂಡಿರುತ್ತದೆ. ಕಥೆಯೆಂದರೆ ಇಷ್ಟೇ. ಸಂಚಿ ಎಂಬ ಮಾತನ್ನು ಮಾತ್ರ ಅವರು ಇಂಗ್ಲಿಷಿಗೆ ತಿರುಗಿಸದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಅದು ಒಳ್ಳೆಯದೇ ಆಯಿತು; ಸುಣ್ಣದ ಡಬ್ಬಿ, ಅಡಿಕೆ ಹೋಳು, ಎಳೆದರೆ ಬಾಯಿ ಮುಚ್ಚುವ ದಾರ ಎಲ್ಲವನ್ನೂ ಒಳಗೊಂಡ ಬಟ್ಟೆಯ ಸಂಚಿಯನ್ನು ಬ್ಯಾಗ್ ಎಂದು ಕರೆದರೆ ಮಗುವಿನ ಕಣ್ಣ ಮುಂದೆ ಶಾಲೆಯ ಚೀಲ ಬಂದು ನಿಲ್ಲುತ್ತದೆ.

ಆರು ತರಗತಿಗಳಲ್ಲಿ ಈ ಕಥೆಯನ್ನು ಅವರು ನಡೆಸಿದ ಬಗೆಯನ್ನು ಹೇಳಲೇಬೇಕು. ಮೊದಲ ದಿನ ಕಥೆಯ ಸಾರವನ್ನು ಕನ್ನಡದಲ್ಲಿ ಎರಡೇ ನಿಮಿಷ ಹೇಳಿದರು; ನಂತರ ಇಂಗ್ಲಿಷಿನಲ್ಲಿ ಪೂರ್ತಿಯಾಗಿ, ನಿಜವಾದ ಸಂಚಿಯೊಂದನ್ನು ಕೈಯಲ್ಲಿ ಹಿಡಿದು ಅಭಿನಯಿಸಿದರು. ಮಕ್ಕಳಿಂದ ಒಂದು ಮಾತನ್ನೂ ಕೇಳಲಿಲ್ಲ. ಸಂಚಿ ಸಿಗದಿದ್ದಾಗ ಎರಡೂ ಕೈ ಆಡಿಸಿ ಇಲ್ಲ ಎನ್ನಬೇಕು, ಅಷ್ಟೇ. ಎರಡನೆಯ ದಿನ ಕೈಯ ಜೊತೆಗೆ "ನೋ" ಸೇರಿತು. ಮೂರನೆಯ ದಿನಕ್ಕೆ "ನಾಟ್ ಅಂಡರ್ ದ ಕಾಟ್" ಎಂಬುದು ಯಾರೂ ಹೇಳಿಕೊಡದೆ ಮಕ್ಕಳ ಬಾಯಿಂದ ಬಂದಿತು. ನಾಲ್ಕನೆಯ ದಿನ ಪ್ರಶ್ನೆಯನ್ನೂ ಅವರೇ ಕೇಳತೊಡಗಿದರು. ಐದನೆಯ ದಿನ ಟೀಚರ್ ಬೇಕೆಂದೇ ತಪ್ಪು ಮಾಡಿದರು. ಬಾಗಿಲ ಹಿಂದೆ ನಿಂತುಕೊಂಡು "ಅಂಡರ್ ದ ಡೋರ್" ಎಂದರು. ಹದಿನೆಂಟು ಮಕ್ಕಳೂ ಒಟ್ಟಿಗೆ ಎದ್ದುನಿಂತು "ಬಿಹೈಂಡ್! ಬಿಹೈಂಡ್!" ಎಂದು ಕೂಗಿದ ಸದ್ದಿಗೆ ಕೆಳಗಿನ ಮನೆಯವರು ಮೆಟ್ಟಿಲ ಬಳಿ ಬಂದು ನೋಡಿದರು. ಆರನೆಯ ದಿನ ಸಂಚಿಯನ್ನು ಮಕ್ಕಳ ಕೈಗೇ ಕೊಟ್ಟು, ಎಲ್ಲಿ ಬೇಕಾದರೂ ಬಚ್ಚಿಡಿ, ನಾನು ಹುಡುಕುತ್ತೇನೆ ಎಂದರು.

ಅದೇ ವಾರ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನನ್ನ ಅಭಿಪ್ರಾಯವನ್ನು ಗಟ್ಟಿಮಾಡಿತು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿನಲ್ಲಿ ಒಂದು ಸಾಕ್ಸ್ ಕಾಣೆಯಾಗಿತ್ತು. ಅವನ ತಾಯಿ ಅಡುಗೆಮನೆಯಿಂದಲೇ ಹುಡುಕು ಎಂದು ಕೂಗುತ್ತಿದ್ದಳು. ಮೊಮ್ಮಗ ನೆಲಕ್ಕೆ ಕೆನ್ನೆ ತಾಗಿಸಿ ಫ್ರಿಜ್ಜಿನ ಅಡಿಗೆ ಇಣುಕಿ ನೋಡಿ, ತನ್ನಷ್ಟಕ್ಕೆ ತಾನೇ, "ನಾಟ್ ಅಂಡರ್ ದ ಫ್ರಿಡ್ಜ್" ಎಂದನು. ಫ್ರಿಜ್ಜು ಆ ಕಥೆಯಲ್ಲಿ ಎಲ್ಲಿಯೂ ಇಲ್ಲ. ಒಂದು ಪದವನ್ನು ಕಳಚಿ ಅಲ್ಲಿಗೆ ತನಗೆ ಬೇಕಾದ ಇನ್ನೊಂದು ಪದವನ್ನು ಕೂರಿಸುವುದು ಅವನಿಗೆ ಬಂದಿತ್ತು. ಬಾಯಿಪಾಠಕ್ಕೂ ಕಲಿಕೆಗೂ ಇರುವ ವ್ಯತ್ಯಾಸವನ್ನು ನಾನು ಅಳೆಯುವುದು ಇಲ್ಲಿಯೇ. ಎಂಟು ಹಾಡು ಒಪ್ಪಿಸುವ ಮಗುವಿಗಿಂತ, ಒಂದೇ ಸಾಲನ್ನು ತನ್ನ ಮನೆಯ ಫ್ರಿಜ್ಜಿಗೆ ಹೊಂದಿಸಿಕೊಂಡ ಮಗು ಮುಂದೆ ಇದೆ.

ಹೀಗೆ ಒಂದೇ ಸಾಲನ್ನು ಮತ್ತೆ ಮತ್ತೆ ಕೇಳಿಸುವುದು ಕನ್ನಡದ ಮಕ್ಕಳಿಗೆ ವಿಶೇಷವಾಗಿ ಏಕೆ ಬೇಕು ಎಂಬುದನ್ನು ಎರಡೂ ಭಾಷೆಗಳ ಕಟ್ಟನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ನಾವು "ಮಂಚದ ಕೆಳಗೆ" ಎನ್ನುತ್ತೇವೆ. ಮೊದಲು ಮಂಚ, ಆಮೇಲೆ ಕೆಳಗೆ. ಇಂಗ್ಲಿಷಿನಲ್ಲಿ ಅದು ತಿರುಗುಮುರುಗು. ನಾವು "ಇದು ಸಂಚಿ" ಎಂದರೆ ವಾಕ್ಯ ಪೂರ್ತಿಯಾಗುತ್ತದೆ, ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷಿನಲ್ಲಿ "ಈಸ್" ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. "ಎ", "ದ" ಎಂಬ ಪುಟ್ಟ ಪದಗಳಿಗೆ ಸಮನಾದದ್ದು ನಮ್ಮಲ್ಲಿ ಇಲ್ಲವೇ ಇಲ್ಲ. ಪ್ರಶ್ನೆ ಕೇಳುವಾಗ ನಾವು ಕೊನೆಯಲ್ಲಿ ಒಂದು "ಆ" ಸೇರಿಸಿ "ಕೆಳಗಿದೆಯಾ" ಎನ್ನುತ್ತೇವೆ. ಅವರು "ಈಸ್" ಅನ್ನು ಎತ್ತಿ ಮುಂದಕ್ಕೆ ಇಡುತ್ತಾರೆ. ನನ್ನ ಮೊಮ್ಮಗ ಮೊದಲ ವಾರ ಮನೆಯಲ್ಲಿ ಚೆಂಡು ಹುಡುಕುತ್ತಾ ಕೇಳಿದ್ದು "ಬಾಲ್ ಅಂಡರ್ ಕಾಟಾ?" ಎಂದು. ಅದು ಇಂಗ್ಲಿಷ್ ಪದಗಳನ್ನು ತೊಟ್ಟ ಅಪ್ಪಟ ಕನ್ನಡದ ಪ್ರಶ್ನೆ. ಈ ವ್ಯತ್ಯಾಸಗಳನ್ನೆಲ್ಲ ನಾಲ್ಕು ವರ್ಷದ ಮಗುವಿಗೆ ವಿವರಿಸಿ ಹೇಳಲು ಸಾಧ್ಯವಿಲ್ಲ, ಹೇಳಬಾರದು ಕೂಡ. ಆದರೆ "ಈಸ್ ಇಟ್ ಅಂಡರ್ ದ" ಎಂಬುದನ್ನು ಒಂದೇ ಉಸಿರಿನ ಒಂದೇ ಗಂಟಾಗಿ ನೂರು ಸಲ ಕೇಳಿದ ಮಗುವಿಗೆ ಅದನ್ನು ಬಿಡಿಬಿಡಿಯಾಗಿ ಜೋಡಿಸುವ ಕಷ್ಟವೇ ಬರುವುದಿಲ್ಲ. ಮೂರನೆಯ ವಾರದ ಕೊನೆಗೆ ಅವನ ಪ್ರಶ್ನೆಯಿಂದ ಆ "ಆ" ತಾನಾಗಿ ಉದುರಿಹೋಗಿ "ಈಸ್" ಮುಂದೆ ಬಂದು ನಿಂತಿತ್ತು. ಯಾರೂ ಅವನನ್ನು ತಿದ್ದಿರಲಿಲ್ಲ.

2007-08ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ತೊಡಗಿದಾಗ ನಾನು ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದೆ. ಅಲ್ಲಿ ನಾನು ಅಕ್ಷರಮಾಲೆಯಿಂದ ಆರಂಭಿಸಿದೆ, ನಂತರ ಬಿಡಿ ಪದಗಳ ಪಟ್ಟಿ ಹಾಕಿದೆ. ವರ್ಷದ ಕೊನೆಗೆ ಮಕ್ಕಳಿಗೆ ಪ್ರಾಣಿಗಳ ಹೆಸರು ಬರುತ್ತಿತ್ತು, ಒಂದು ವಾಕ್ಯ ಬರುತ್ತಿರಲಿಲ್ಲ. ಅದೇ ಮಕ್ಕಳು ಕನ್ನಡದಲ್ಲಿ ನಲಿ-ಕಲಿಯ ಹಾಡುಗಳನ್ನು ಕುಣಿಯುತ್ತಾ ಹಾಡಿ ಮಾತಿನ ಮೇಲೆ ಹಿಡಿತ ಸಾಧಿಸುವುದನ್ನು ನಾನು ಕಂಡಿದ್ದೆ. ಆದರೂ ಅದನ್ನು ಇಂಗ್ಲಿಷಿಗೆ ಒಯ್ಯುವ ಯೋಚನೆ ನನಗೆ ತಡವಾಗಿ ಬಂದಿತು. ಆ ಮಕ್ಕಳ ಮುಖಗಳು ಈ ಮಹಡಿಯ ಮೇಲೆ ಕುಳಿತಾಗ ನನಗೆ ನೆನಪಾಗುತ್ತಿದ್ದವು.

ಹಾಡುಗಳ ವಿಷಯಕ್ಕೆ ಬರುತ್ತೇನೆ. ಟೀಚರ್ ನಾಲ್ಕು ತಿಂಗಳಿನಲ್ಲಿ ಕಲಿಸಿದ್ದು ಐದೇ ಹಾಡು, ಐದೂ ಅವರೇ ಕಟ್ಟಿದವು. ಅವುಗಳಲ್ಲಿ ಸಂತೆಯ ಹಾಡು ಎಲ್ಲಕ್ಕಿಂತ ಚೆನ್ನಾಗಿದೆ. ಮಕ್ಕಳು ಸುತ್ತಲೂ ಕುಳಿತಿರುತ್ತಾರೆ, ನಡುವೆ ಬುಟ್ಟಿ ತಿರುಗುತ್ತದೆ. "ವಾಟ್ ಡು ಯು ವಾಂಟ್?" ಎಂದು ಎಲ್ಲರೂ ಹಾಡಿದರೆ, ಬುಟ್ಟಿ ಹಿಡಿದ ಮಗು "ಐ ವಾಂಟ್ ಎ ಬನಾನ" ಎಂದೋ "ಐ ವಾಂಟ್ ಆನ್ ಆನಿಯನ್" ಎಂದೋ ಉತ್ತರ ಹಾಡಿ, ತನಗೆ ಬೇಕಾದದ್ದನ್ನು ಎತ್ತಿಕೊಳ್ಳಬೇಕು. ಬುಟ್ಟಿಯಲ್ಲಿರುವುದು ಬೆಳಿಗ್ಗೆ ತಂದ ನಿಜವಾದ ಈರುಳ್ಳಿ, ಬಾಳೆಹಣ್ಣು, ಟೊಮ್ಯಾಟೊ, ಸೌತೆಕಾಯಿ. ಸಾಲು ಅದೇ, ಪದ ಮಾತ್ರ ಬೇರೆ. ನಮ್ಮ ಕೋಲಾಟದ ಪದಗಳಲ್ಲಿ, ಸೋಬಾನೆಯಲ್ಲಿ ಮುಂದಿನವರು ಹೊಸ ಸಾಲನ್ನು ಎತ್ತಿಕೊಂಡರೆ ಹಿಂದಿನವರು ಅದೇ ಸೊಲ್ಲನ್ನು ಹಿಡಿಯುತ್ತಾರಲ್ಲ, ಅದೇ ಬಗೆ. ಸೊಲ್ಲು ಹಿಡಿಯುವವರಿಗೆ ಹಾಡು ಪೂರ್ತಿ ಬರಬೇಕಾಗಿಲ್ಲ, ಆದರೂ ಅವರು ಹಾಡಿನೊಳಗೇ ಇರುತ್ತಾರೆ. ನಾಚಿಕೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ.

ಉಚ್ಚಾರಣೆಯನ್ನೂ ಈ ಹಾಡು ಸದ್ದಿಲ್ಲದೆ ತಿದ್ದುತ್ತದೆ. ಕನ್ನಡದಲ್ಲಿ ಲಘುವಿಗೆ ಲಘುವಿನಷ್ಟು, ಗುರುವಿಗೆ ಗುರುವಿನಷ್ಟು ಸಮಯವನ್ನು ನಾವು ನ್ಯಾಯವಾಗಿ ಹಂಚುತ್ತೇವೆ. ಇಂಗ್ಲಿಷ್ ಒಂದು ಅಕ್ಷರವನ್ನು ಒತ್ತಿ ಹಿಡಿದು ಉಳಿದವನ್ನು ಅರ್ಧ ನುಂಗಿಬಿಡುತ್ತದೆ. ಬನಾನ, ಟೊಮ್ಯಾಟೊ ಎಂಬಲ್ಲಿ ಒತ್ತು ನಡುವಿಗೆ ಬೀಳುತ್ತದೆ, ಆನಿಯನ್ ಎಂಬಲ್ಲಿ ಮೊದಲಿಗೆ. ಮಕ್ಕಳ ಚಪ್ಪಾಳೆ ಸರಿಯಾಗಿ ಆ ಒತ್ತಿನ ಮೇಲೆ ಬೀಳುವಂತೆ ಟೀಚರ್ ರಾಗವನ್ನು ಹೊಂದಿಸಿದ್ದಾರೆ. ಇನ್ನೊಂದು, ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ನಾವು ಬೆಡ್ಡು, ಕಪ್ಪು, ಬಾಕ್ಸು ಎಂದು ಕೊನೆಗೊಂದು "ಉ" ಹಚ್ಚುತ್ತೇವೆ. ಸಾಲಿನ ಕೊನೆಯಲ್ಲಿ ಚಪ್ಪಾಳೆ ತಟ್ಟಿ ಥಟ್ಟನೆ ನಿಲ್ಲಬೇಕಾದಾಗ ಆ "ಉ"ಕಾರಕ್ಕೆ ಜಾಗವೇ ಉಳಿಯುವುದಿಲ್ಲ. ಹಾಗೆಂದು "ಬಸ್ಸು" ಎಂದ ಮಗುವನ್ನು ಅವರು ನಿಲ್ಲಿಸಿ ತಿದ್ದಿದ್ದನ್ನು ನಾನು ನೋಡಲಿಲ್ಲ. ಅವರ ಉಚ್ಚಾರಣೆಯೂ ನಮ್ಮ ಕಡೆಯದೇ, ಆದರೆ ಸ್ವಚ್ಛವಾಗಿದೆ; ಮಕ್ಕಳಿಗೆ ಅಷ್ಟು ಸಾಕು.

ಮಾತನಾಡಿಸುವ ಮೊದಲು ಮೈಯನ್ನು ಆಡಿಸುವ ಈ ಕ್ರಮಕ್ಕೆ ಹಿನ್ನೆಲೆಯೂ ಇದೆ. 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್, ಮಕ್ಕಳು ತಾಯ್ನುಡಿಯನ್ನು ಕಲಿಯುವಾಗ ಮೊದಲು ಕೇಳಿ, ಹೇಳಿದಂತೆ ಮಾಡಿ, ಎಷ್ಟೋ ಕಾಲದ ನಂತರ ಮಾತನಾಡುತ್ತಾರೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಎರಡನೆಯ ಭಾಷೆಯನ್ನೂ ಹಾಗೆಯೇ ಕಲಿಸುವ ವಿಧಾನವನ್ನು ರೂಪಿಸಿದರು. ಒಂದೇ ಕಥೆಯನ್ನು ಮತ್ತೆ ಹೇಳುವುದರ ಬಗ್ಗೆಯೂ ಪ್ರಯೋಗ ನಡೆದಿದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಕೆಲವು ಮಕ್ಕಳಿಗೆ ಅದೇ ಕಥೆಗಳನ್ನು ಮತ್ತೆ ಮತ್ತೆ ಓದಿದರು, ಬೇರೆ ಕೆಲವರಿಗೆ ಪ್ರತಿ ಸಲವೂ ಬೇರೆ ಕಥೆ ಓದಿದರು. ಹೊಸ ಪದಗಳು ಎರಡೂ ಗುಂಪಿನ ಕಿವಿಗೆ ಬಿದ್ದದ್ದು ಅಷ್ಟೇ ಸಲ. ಆದರೂ ಅದೇ ಕಥೆಗಳನ್ನು ಕೇಳಿದ ಮಕ್ಕಳೇ ಆ ಪದಗಳನ್ನು ಚೆನ್ನಾಗಿ ಕಲಿತಿದ್ದರು. ಆ ಮಕ್ಕಳ ಮನೆಮಾತು ಇಂಗ್ಲಿಷೇ ಆಗಿತ್ತು ಎಂಬುದನ್ನು ಮರೆಯಬಾರದು. ಆದರೂ ಕಥೆ ಮೊದಲೇ ಗೊತ್ತಿರುವಾಗ ಮಗುವಿನ ಗಮನ ಮುಂದೇನಾಗುವುದೋ ಎಂಬಲ್ಲಿಂದ ಬಿಡುಗಡೆಯಾಗಿ ಪದದ ಕಡೆಗೆ ತಿರುಗುತ್ತದೆ ಎಂಬುದು ನನ್ನ ಅನುಭವಕ್ಕೂ ಒಪ್ಪುವ ಮಾತು. ಪರಕೀಯ ಭಾಷೆ ಕಲಿಯುವ ಮಗುವಿಗೆ ಆ ಬಿಡುಗಡೆ ಇನ್ನೂ ಹೆಚ್ಚು ಬೇಕು.

ಇನ್ನು ಕೊರತೆಗಳು. ಎಲ್ಲಕ್ಕಿಂತ ದೊಡ್ಡದು, ಮೂರೂವರೆ ವರ್ಷದಿಂದ ಏಳು ವರ್ಷದವರೆಗಿನ ಮಕ್ಕಳನ್ನು ಒಂದೇ ಹಜಾರದಲ್ಲಿ ಕೂರಿಸುವುದು. ಮೂರನೆಯ ವಾರದಲ್ಲಿ ಪುಟ್ಟ ಮಕ್ಕಳ ಸಂತೋಷ ಏರುತ್ತಿದ್ದರೆ, ಎರಡನೆಯ ತರಗತಿಯ ಇಬ್ಬರು ಹುಡುಗರು ಕಿಟಕಿಯ ಸರಳಿಗೆ ಕೈಹಾಕಿ ಬೀದಿ ನೋಡುತ್ತಾ ನಿಂತಿರುತ್ತಿದ್ದರು. ಅವರ ತಪ್ಪಲ್ಲ. ಏಳು ವರ್ಷದ ಮಗುವಿಗೆ ಅದೇ ಕಥೆಯಲ್ಲಿ ಹೊಸ ಕೆಲಸ ಬೇಕು: ಸಂಚಿಯ ಬದಲು ಕನ್ನಡಕ ಕಳೆದುಹೋಗಲಿ, ಅಜ್ಜಿಯ ಬದಲು ತಾತ ಹುಡುಕಲಿ, "ಮೈ" ಎಂಬುದು "ಹಿಸ್" ಆಗಲಿ, ಅದನ್ನು ಅವರೇ ಬರೆದು ಚಿತ್ರ ಬಿಡಿಸಲಿ. ಪುನರಾವರ್ತನೆಯೆಂದರೆ ಪ್ರತಿ ಸುತ್ತಿನಲ್ಲೂ ಒಂದು ಚೂರಾದರೂ ಹೊಸತು ಸೇರಬೇಕು. ಚಿಕ್ಕವರಿಗೆ ಅದನ್ನು ಇಷ್ಟು ಚೆನ್ನಾಗಿ ಮಾಡಿಸಿದ ಟೀಚರ್ ದೊಡ್ಡವರಿಗೆ ಮಾಡಿಸಲಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಎರಡನೆಯದು, ಕಥೆಯ ಪಠ್ಯವನ್ನು ಮನೆಗೆ ಕೊಡುವುದಿಲ್ಲ. ಚಾರ್ಟು ತರಗತಿಯ ಗೋಡೆಯ ಮೇಲೆಯೇ ಉಳಿಯುತ್ತದೆ. ವಾರದಲ್ಲಿ ಒಂದೂವರೆ ಗಂಟೆ ತರಗತಿಯಲ್ಲಿ ಕೇಳಿದ್ದು ಉಳಿದ ಐದು ದಿನ ಮನೆಯಲ್ಲಿ ಕಿವಿಗೆ ಬೀಳದಿದ್ದರೆ ಸಡಿಲವಾಗುತ್ತದೆ. ಮನೆಯವರಿಗೆ ಸಾಲುಗಳು ಗೊತ್ತಿಲ್ಲದಿದ್ದರೆ ತಮಗೆ ತೋಚಿದಂತೆ ಹೇಳುತ್ತಾರೆ, ಮಗು "ಹಂಗಲ್ಲ, ಮಿಸ್ ಹಂಗೆ ಹೇಳಲ್ಲ" ಎಂದು ಅಳುತ್ತದೆ. ನಾನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದೆ. ಎಲ್ಲ ತಾಯಂದಿರಿಗೂ ಕೂತು ಬರೆದುಕೊಳ್ಳುವ ಬಿಡುವು ಇರುವುದಿಲ್ಲ. ಒಂದು ಪುಟವನ್ನು ಜೆರಾಕ್ಸ್ ಮಾಡಿ ಕೊಟ್ಟರೆ ಮುಗಿಯುವ ಕೆಲಸವಿದು. ವಾಟ್ಸಾಪಿನಲ್ಲಿ ಹಾಡುಗಳನ್ನು ಧ್ವನಿಮುದ್ರಿಸಿ ಕಳಿಸುತ್ತಾರೆ, ಒಳ್ಳೆಯದೇ. ಆದರೆ ಶ್ರುತಿ ಮಕ್ಕಳ ಗಂಟಲಿಗೆ ಹೆಚ್ಚು ಎತ್ತರ, ವೇಗವೂ ಜಾಸ್ತಿ. ತರಗತಿಯಲ್ಲಿ ಎದುರು ಕುಳಿತು ಹಾಡುವಾಗ ಅವರು ತಾವೇ ನಿಧಾನಿಸುತ್ತಾರೆ, ಮೊಬೈಲಿನ ಮುಂದೆ ಏಕೋ ಓಡುತ್ತಾರೆ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಪ್ರದರ್ಶನ ಇಟ್ಟುಕೊಂಡಿದ್ದರು. ಮೈಕು, ವೇದಿಕೆ, ಬಣ್ಣದ ಕಾಗದ ಎಲ್ಲವೂ ಇತ್ತು. ಪ್ರತಿದಿನ ನೆಲದ ಮೇಲೆ ಓಡಾಡುತ್ತಾ ಸಂಚಿ ಹುಡುಕಿದ ಮಕ್ಕಳು ಮೈಕಿನ ಮುಂದೆ ಸಾಲಾಗಿ ನಿಂತು ಮೂಕರಾದರು. ನನ್ನ ಮೊಮ್ಮಗ ತನ್ನ ಸಾಲು ಬಂದಾಗ ಅಂಗಿಯ ಅಂಚನ್ನು ಬಾಯಿಗೆ ಇಟ್ಟುಕೊಂಡನು. ತಂದೆತಾಯಿಯರು ಕೇಳಿದರೆಂದು ಇದನ್ನು ಮಾಡಿದ್ದಾಗಿ ಟೀಚರ್ ಹೇಳಿದರು. ಇರಬಹುದು. ಆದರೆ ನಾನು ಆ ತಂದೆತಾಯಿಯರಿಗೇ ಹೇಳಬಯಸುತ್ತೇನೆ: ತರಗತಿ ನಡೆಯುವ ದಿನವೇ ಹೋಗಿ ಹಿಂದೆ ಕುಳಿತು ನೋಡಿ, ನಿಮ್ಮ ಮಗು ಎಷ್ಟು ಮಾತನಾಡುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. "ಇನ್ನೂ ಅದೇ ಕಥೆನಾ ಮೇಡಂ?" ಎಂದು ಮೆಟ್ಟಿಲ ಬಳಿ ಅವರನ್ನು ಅವಸರಪಡಿಸುವವರನ್ನೂ ನಾನು ಕೇಳಿದ್ದೇನೆ. ಆ ಒತ್ತಡಕ್ಕೆ ಅವರು ಬಗ್ಗದಿರಲಿ.

ಅಕ್ಷರ ಕಲಿಸುವುದಿಲ್ಲ ಎಂಬ ದೂರನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಐದು ವರ್ಷದೊಳಗಿನವರಿಗೆ ಕಿವಿ ತುಂಬುವುದೇ ಸಾಕು. ಆರು ದಾಟಿದವರಿಗೆ ಚಾರ್ಟಿನ ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಹೇಳಿಸಿದರೆ, ಬಾಯಿಗೆ ಆಗಲೇ ಬಂದಿರುವ ಸಾಲು ಕಣ್ಣಿಗೂ ಹತ್ತುತ್ತದೆ.

ಮನೆಯಲ್ಲಿ ಮುಂದುವರಿಸಲು ಬಯಸುವವರಿಗೆ ಖರ್ಚಿಲ್ಲದ ಒಂದು ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಚಿತ್ರಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ಅವುಗಳನ್ನು ವಿಂಗಡಿಸಿದ್ದಾರೆ, ಇಳಿಸಿಕೊಂಡು ಮುದ್ರಿಸಿಕೊಳ್ಳಲೂಬಹುದು. ಮೊದಲ ಮಟ್ಟದಲ್ಲಿ, ಪುಟಪುಟಕ್ಕೂ ಒಂದೇ ಸಾಲು ಮರಳಿ ಬರುವ ಕಥೆಯನ್ನು ಆರಿಸಿ, ಮೊದಲು ಕನ್ನಡದಲ್ಲಿ ಒಮ್ಮೆ ಓದಿ ಹೇಳಿ, ನಂತರ ಒಂದು ವಾರ ಇಂಗ್ಲಿಷಿನದನ್ನೇ ಓದಬೇಕು. ಮಲಗುವ ಮೊದಲಿನ ಹತ್ತು ನಿಮಿಷ ಸಾಕು. ಕನ್ನಡವನ್ನು ಬದಿಗಿಟ್ಟರೆ ಇಂಗ್ಲಿಷ್ ಬೇಗ ಬರುತ್ತದೆ ಎಂದು ಭಾವಿಸಿ ಮನೆಯಲ್ಲಿ ಮಗುವಿನೊಡನೆ ಅರೆಬರೆ ಇಂಗ್ಲಿಷಿನಲ್ಲಿ ಮಾತನಾಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕನ್ನಡದಲ್ಲಿ ಕಥೆ ಕೇಳಿ ಬೆಳೆದ ಮಗುವಿಗೆ ಕಥೆ ಎಂದರೆ ಏನೆಂದು ಮೊದಲೇ ಗೊತ್ತಿರುತ್ತದೆ, ಇಂಗ್ಲಿಷಿನಲ್ಲಿ ಅದು ಪದಗಳನ್ನಷ್ಟೇ ಕಲಿಯಬೇಕಾಗುತ್ತದೆ.

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಈ ತರಗತಿಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಏಳು ವರ್ಷದವರನ್ನು ಸದ್ಯಕ್ಕೆ ಸೇರಿಸಬೇಡಿ. ಪ್ರತ್ಯೇಕ ತಂಡ ಮಾಡುವುದಾಗಿ ಟೀಚರ್ ಹೇಳಿದ್ದಾರೆ, ಆಗ ನೋಡಬಹುದು. ಮಧ್ಯದಲ್ಲಿ ಸೇರುವುದಾದರೆ ಹೊಸ ಕಥೆ ಆರಂಭವಾಗುವ ವಾರವನ್ನು ಕೇಳಿಕೊಂಡು ಅಂದೇ ಸೇರಿಸಿ, ಐದನೆಯ ದಿನ ಬಂದ ಮಗು ಉಳಿದವರೆಲ್ಲ ಕೂಗುವಾಗ ಕಂಗಾಲಾಗುತ್ತದೆ. ಮೆಟ್ಟಿಲು ಕಡಿದಾಗಿದೆ, ಪುಟ್ಟವರ ಕೈ ಹಿಡಿದುಕೊಳ್ಳಿ. ದಸರಾ ರಜೆಯ ನಂತರದ ಕಥೆ ದಾರಿ ತಪ್ಪಿದ ಕುರಿಮರಿಯದಂತೆ. ನಾವು ಎರಡು ತಿಂಗಳ ಶುಲ್ಕವನ್ನು ಮುಂಗಡವಾಗಿ ಕಟ್ಟಿದ್ದೇವೆ, ಆದರೆ ಮೊಮ್ಮಗ ಇನ್ನೂ ಸಂಚಿಯನ್ನು ಬಿಟ್ಟಿಲ್ಲ. ನಿನ್ನೆ ರಾತ್ರಿ ಅದನ್ನು ನನ್ನ ದಿಂಬಿನ ಕೆಳಗೆ ಬಚ್ಚಿಟ್ಟು, ನಾನು ಸರಿಯಾದ ಸಾಲಿನಲ್ಲಿ ಕೇಳುವವರೆಗೂ ಮಲಗಲು ಬಿಡಲಿಲ್ಲ.